ಹದಿನೈದು ನಿಮಿಷ ಟಿವಿ ಬಂದ್

ನಿಲಂಗಾದ ಜೂನಿಯರ್ ಕಾಲೇಜಿಗೆ ಫಿಸಿಕ್ಸ್ ಕಲಿಸಲು ಸೇರಿದಾಗ ನನಗೆ ಮೂವತ್ತು ದಾಟಿತ್ತು. ಊರು ಉದಗೀರ. ಅಲ್ಲಿ ನಮ್ಮದು ಬಟ್ಟೆ ಅಂಗಡಿಯ ಮನೆತನ; ಮನೆಯೊಳಗೆ ಕನ್ನಡ, ಅಂಗಡಿಗೆ ಬಂದರೆ ಮರಾಠಿ. ನಿಲಂಗಾದಲ್ಲಿ ಮಾಳಿಗೆಯ ಮೇಲೆ ಒಂದು ಖೋಲಿ ಬಾಡಿಗೆಗೆ ಹಿಡಿದೆ. ಮದುವೆಯ ಮಾತು ನಾಲ್ಕೈದು ಸಲ ಬಂದು ತಾನಾಗಿ ನಿಂತುಹೋಗಿತ್ತು. ಕಾಲೇಜಿನಲ್ಲಿ, ಕಿರಾಣಿಯಲ್ಲಿ, ಮನೆ ಮಾಲಕರ ಜೊತೆ, ಎಲ್ಲ ಕಡೆ ಮರಾಠಿ. ಭಾನುವಾರ ಅವ್ವನಿಗೆ ಫೋನ್ ಮಾಡಿದಾಗಷ್ಟೇ ಕನ್ನಡ. ಅವ್ವ ತೀರಿಕೊಂಡ ಮೇಲೆ ಅದೂ ನಿಂತಿತು. ಕೆಲವು ವಾರ ಒಂದು ಕನ್ನಡ ಮಾತೂ ಆಡದೆ ಕಳೆದದ್ದು ಸೋಮವಾರ ಬಂದ ಮೇಲೆ ನನಗೆ ಗೊತ್ತಾಗುತ್ತಿತ್ತು.

ಅವ್ವ ಹೋದ ವರ್ಷವೇ ನಾನೊಂದು ರೇಡಿಯೊ ತರಿಸಿದೆ. ನೋಡಲು ಪೆನ್‌ಡ್ರೈವ್‌ನಂತೆ ಬೆರಳುದ್ದದ ತುಂಡು. ಅಂಟೆನಾಕ್ಕೆ ಸಿಕ್ಕ ಅಲೆಗಳನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಸುರಿಯುವುದಷ್ಟೇ ಅದರ ಕೆಲಸ; ಆ ಅಂಕಿಗಳಿಂದ ದನಿಯನ್ನೋ ಚಿತ್ರವನ್ನೋ ಹೊರತೆಗೆಯುವುದು ಸಾಫ್ಟ್‌ವೇರ್. ನನಗೆ ಬೇಕಾಗಿದ್ದು ಹವಾಮಾನದ ಉಪಗ್ರಹ ಕಳಿಸುವ ಚಿತ್ರ. ಅದು ಬೆಳಿಗ್ಗೆ ಏಳರ ಸುಮಾರಿಗೆ ಉತ್ತರದಿಂದ ದಕ್ಷಿಣಕ್ಕೆ ನಮ್ಮ ನೆತ್ತಿಯ ಮೇಲೆ ಹಾಯುತ್ತ, ಕೆಳಗೆ ಕಂಡದ್ದನ್ನು ಒಂದೊಂದೇ ಗೆರೆಯಾಗಿ ಬಿತ್ತರಿಸುತ್ತಿತ್ತು. ಯಾರು ಬೇಕಾದರೂ ಹಿಡಿಯಬಹುದಿತ್ತು.

ಅಂಟೆನಾ ಆಗಲೆಂದು ಎರಡು ಅಲ್ಯುಮಿನಿಯಂ ಸಳಿಗಳನ್ನು ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದೆ. ರೇಡಿಯೊ ತುಂಡನ್ನೂ ಅಂಗೈಯಗಲದ ಒಂದು ಕಂಪ್ಯೂಟರನ್ನೂ ತಗಡಿನ ಡಬ್ಬಿಯಲ್ಲಿಟ್ಟು, ಅಲ್ಲಿಂದ ವೈರಿನಲ್ಲಿ ಅಂಕಿಗಳನ್ನು ಖೋಲಿಯೊಳಗಿನ ಲ್ಯಾಪ್‌ಟಾಪಿಗೆ ಇಳಿಸಿದೆ. ಮೊದಲು ಸೆಕೆಂಡಿಗೆ ಇಪ್ಪತ್ತನಾಲ್ಕು ಲಕ್ಷ ಅಂಕಿ ಇಟ್ಟೆ. ಪುಟ್ಟ ಕಂಪ್ಯೂಟರಿಗೆ ಅಷ್ಟು ತಾಳಿಕೊಳ್ಳಲಾಗಲಿಲ್ಲ. ನಡುನಡುವೆ ಅಂಕಿಗಳು ಉದುರಿ, ಚಿತ್ರ ಹರಿದ ಸೀರೆಯಂತೆ ವಾರೆಯಾಗಿ ಬಂತು. ಹತ್ತು ಲಕ್ಷಕ್ಕೆ ಇಳಿಸಿದ ಮೇಲೆ ಹರಿವು ನೆಟ್ಟಗಾಯಿತು. ಬಿಸಿಲಿಗೆ ಡಬ್ಬಿ ಕಾದರೆ ರೇಡಿಯೊ ಹಿಡಿಯುವ ಸ್ಟೇಷನ್ನೇ ಪಕ್ಕಕ್ಕೆ ಸರಿಯುತ್ತಿತ್ತು. ಅದನ್ನು ದಿನದಿನವೂ ತಿದ್ದುತ್ತಿದ್ದೆ. ಎರಡು ತಿಂಗಳು ಇದರಲ್ಲೇ ಕಳೆದವು. ಯಾರಿಗೂ ಹೇಳಲಿಲ್ಲ, ಕೇಳುವವರೂ ಇರಲಿಲ್ಲ.

ಎಲ್ಲ ಸರಿಹೋದ ಮೇಲೂ ಒಂದು ತೊಂದರೆ ಉಳಿಯಿತು. ಪರದೆಯ ಮೇಲೆ, ಸರಿಯಾಗಿ ಉಪಗ್ರಹದ ಅಲೆ ಕಾಣಬೇಕಾದ ಜಾಗದಲ್ಲಿ, ಒಂದು ದಪ್ಪ ಪಟ್ಟೆ ಅತ್ತಿತ್ತ ತೂಗಾಡುತ್ತಿತ್ತು. ಅದು ಬಂದಲ್ಲೆಲ್ಲ ಚಿತ್ರ ಬೂದು. ಒಂದು ದಿನ ಸುತ್ತಲಿನ ಗಲ್ಲಿಗಳ ಕರೆಂಟ್ ಹೋಯಿತು. ನನ್ನ ಯಂತ್ರಗಳು ಇನ್ವರ್ಟರಿನ ಮೇಲಿದ್ದವು. ಪಟ್ಟೆ ತಟ್ಟನೆ ಮಾಯವಾಯಿತು. ಹಾಗಾದರೆ ಇದು ಹತ್ತಿರದ ಯಾವುದೋ ಮನೆಯ ಕರೆಂಟಿನಿಂದಲೇ ಹುಟ್ಟುತ್ತಿದೆ ಎಂದು ತಿಳಿಯಿತು.

ಭಾನುವಾರ ಲ್ಯಾಪ್‌ಟಾಪನ್ನು ಕೊರಳಿಗೆ ತೂಗಿಕೊಂಡು, ಕೈಯಲ್ಲಿ ಸಣ್ಣ ಅಂಟೆನಾ ಹಿಡಿದು ಹೊರಟೆ. ಮಾಲಕರು ಬಾಗಿಲಲ್ಲಿ ನಿಂತು, "ಕಾಯ್ ಶೋಧತಾ, ಮ್ಯಾಡಮ್?" ಎಂದು ಕೇಳಿದರು. ಏನು ಹುಡುಕುತ್ತಿದ್ದೇನೆಂದು ಮರಾಠಿಯಲ್ಲಿ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟೆ. ಅಂಟೆನಾ ತಿರುಗಿಸುತ್ತ ಪಟ್ಟೆ ಗಾಢವಾದ ಕಡೆಗೆ ನಡೆದೆ; ಅದು ಮೂರನೆಯ ಗಲ್ಲಿಯ ಕೊನೆಯ ಮನೆಗೆ ತಂದು ನಿಲ್ಲಿಸಿತು. ಮೇಲೆ ತುಕ್ಕು ಹಿಡಿದ ಹಳೆಯ ಟಿವಿ ಅಂಟೆನಾ. ಬಾಗಿಲು ತಟ್ಟಿದೆ.

"ಯಾರ್ರಿ ಅದು? ಬಂದೆ, ತಡೀರಿ," ಎಂದಿತು ಒಳಗಿನ ದನಿ.

ಕನ್ನಡ. ನಾನು ಹೊಸ್ತಿಲಲ್ಲಿ ನಿಂತಲ್ಲೇ ನಿಂತೆ.

ಎಪ್ಪತ್ತು ದಾಟಿದ ಹೆಂಗಸು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಒಳಗೆ ಹಳೆಯ ಟಿವಿ ಹಚ್ಚಿಟ್ಟಿದ್ದರು. ಅದರಲ್ಲಿ ಚಿತ್ರವಿಲ್ಲ, ಬರೀ ಕಪ್ಪು ಬಿಳಿ ಚುಕ್ಕಿ, ಸೊಯ್ ಎಂಬ ಸಪ್ಪಳ. ಅಂಟೆನಾದ ಸಿಗ್ನಲ್ ಹೆಚ್ಚಿಸಲು ಹಾಕಿದ್ದ ಬೂಸ್ಟರ್ ಕೆಟ್ಟು, ತಾನೇ ಅಲೆ ಎಬ್ಬಿಸುತ್ತಿತ್ತು. ಟಿವಿಗೂ ಅದಕ್ಕೂ ಒಂದೇ ಸ್ವಿಚ್ಚು.

"ಅವ್ವಾ, ಇದರಾಗ ಏನೂ ಬರಂಗಿಲ್ಲಲ್ರಿ. ಯಾಕ ಹಚ್ಚೀರಿ?"

"ಸಪ್ಪಳಕ್ಕ," ಎಂದರು.

ಚಹಾ ಕೊಟ್ಟು ತಾವೇ ಹೇಳಿದರು. ಅವರ ಊರು ಮಾಕಣಿ ಕಡೆಯದು. ತೊಂಬತ್ತಮೂರರ ಭೂಕಂಪದಲ್ಲಿ ಗಂಡ, ಮಗಳು ಇಬ್ಬರೂ ಗೋಡೆಯ ಕೆಳಗೆ ಹೋದರು. ಆಮೇಲೆ ಇಲ್ಲಿ ಅಣ್ಣನ ಮನೆಗೆ ಬಂದರು. ಈಗ ಅಣ್ಣನೂ ಇಲ್ಲ.

"ಅದು ಬರೂಕಿಂತ ಮೊದಲ ನೆಲದಾಗ ಗುಡುಗುಡು ಅಂದಿತ್ತು, ತಂಗಿ. ನನಗ ಎಚ್ಚರಾಗಿತ್ತು, ಕೇಳಿದ್ದೆ. ಲಾರಿ ಹೊಂಟಿರ್ಬೇಕಂತ ಮಗ್ಗಲಾ ಹೊಳ್ಳಿದೆ. ಆಗಿನಿಂದ ಮನಿ ಸುಮ್ಮನಾತಂದ್ರ ಕಿವಿ ತಾನ ನೆಲದ ಕಡಿ ಹೋಗ್ತದ. ಇದು ಸೊಯ್ ಅಂತಿದ್ರ ಜೀವಕ್ಕ ಸಮಾಧಾನ."

ನಾನೂ ಆಗ ಉದಗೀರದಲ್ಲಿ ಶಾಲೆಯ ಹುಡುಗಿ. ಎಷ್ಟೋ ದಿನ ಎಲ್ಲರೂ ಅಂಗಳದಲ್ಲೇ ಮಲಗಿದ್ದೆವು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಬೂಸ್ಟರ್ ಮಾತ್ರ ತೆಗೆದು ನೋಡಿದೆ. ಒಳಬರುವ ಅಲೆ ನಿಂತು ಟಿವಿ ನೀಲಿಯಾಗಿ ಮೂಕವಾಯಿತು. ಅವರ ಮುಖ ಕಂಡು ಕೂಡಲೇ ಮತ್ತೆ ಜೋಡಿಸಿದೆ. ಒಂದು ಟ್ರಾನ್ಸಿಸ್ಟರ್ ತಂದುಕೊಡಲೇ ಎಂದರೆ, "ಬ್ಯಾಡ. ಅದರಾಗ ಮಂದಿ ಮಾತಾಡಿ ಮಾತಾಡಿ ನಡುವ ಸುಮ್ಮನಾಗ್ತಾರ," ಎಂದರು. ಕೊನೆಗೆ ನಾನು ಯಾಕೆ ಬಂದೆನೆಂದು ಹೇಳಿದೆ. ಕೇಳಿ ಟಿವಿಯ ಕಡೆ ನೋಡಿದರು.

"ಎಷ್ಟೊತ್ತು ಬಂದ್ ಮಾಡ್ಬೇಕು?"

"ಮುಂಜಾನಿ ಹದಿನೈದು ನಿಮಿಷ, ಅವ್ವಾ."

"ಅಷ್ಟೊತ್ತು ನೀ ಫೋನಿನಾಗ ಮಾತಾಡ್ತೀ ಏನು?"

ಹೀಗೆ ಶುರುವಾಯಿತು. ಉಪಗ್ರಹ ದಿಗಂತದಿಂದ ಏಳುವ ಮೊದಲು ನಾನು ಫೋನ್ ಮಾಡುತ್ತಿದ್ದೆ. "ಬಂದ್ ಮಾಡ್ದೆ ನೋಡು, ಮಾತಾಡು," ಎನ್ನುತ್ತಿದ್ದರು. ಪರದೆಯ ಮೇಲೆ ಪಟ್ಟೆ ಅಳಿಸಿ, ಗೆರೆಗಳು ಶುಭ್ರವಾಗಿ ಇಳಿಯತೊಡಗುತ್ತಿದ್ದವು. ಕಂಡದ್ದನ್ನು ಕಂಡಂತೆ ಹೇಳುತ್ತಿದ್ದೆ: ಹಿಮಾಲಯದ ಬೆಳ್ಳನೆ ಬಂತು, ಕಛ್‌ನ ಉಪ್ಪಿನ ಬಯಲು ಬಂತು, ಈಗ ಮುಂಬೈ ಕಡೆಯ ಸಮುದ್ರದಂಡೆ.

"ನಮ್ಮೂರು?"

"ಕಾಣಂಗಿಲ್ರಿ. ಮ್ಯಾಲಿನ ಮೋಡ ಕಾಣ್ತಾವ."

"ಮೋಡ ಇದ್ದಾವಲ್ಲ, ಸಾಕು ಬಿಡು."

ಕೆಲವು ದಿನ ಚಿತ್ರದ ಮಾತು ಬೇಗ ಮುಗಿದು, ಅವರು ಮಗಳ ಬಗ್ಗೆ ಹೇಳುತ್ತಿದ್ದರು. ಆಕೆಗೆ ಹುಣಸೆ ಚಿಗುರೆಂದರೆ ಪ್ರಾಣವಂತೆ. ನಾನು ಅವ್ವನ ಬಗ್ಗೆ ಹೇಳುತ್ತಿದ್ದೆ. ಎರಡು ವರ್ಷಕ್ಕಿಂತ ಹೆಚ್ಚು ನಡೆಯಿತು. ಅವರ ಮನೆಗೆ ನಾನು ಹೋದದ್ದು ನಾಲ್ಕು ಸಲ ಇರಬಹುದು, ಅಷ್ಟೇ. ನಮ್ಮ ಪರಿಚಯವೆಲ್ಲ ಆ ಹದಿನೈದು ನಿಮಿಷದ್ದು.

ಉಪಗ್ರಹಕ್ಕೆ ವಯಸ್ಸಾಗಿತ್ತು. ಒಂದು ಬೆಳಿಗ್ಗೆ ಅದರ ಸಿಗ್ನಲ್ ಬರಲಿಲ್ಲ. ಅದನ್ನು ಕಾಯಂ ಆಗಿ ನಿಲ್ಲಿಸಿದ್ದಾರೆಂದು ಆಮೇಲೆ ಓದಿ ತಿಳಿದೆ. ಮರುದಿನ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

"ಹಂಗಾರ ಇನ್ನ ಬಂದ್ ಮಾಡೂದು ಬ್ಯಾಡ," ಎಂದರು.

"ಹೌದ್ರಿ. ಬ್ಯಾಡ."

ಅವರ ಕಡೆಯಿಂದ ಸೊಯ್ ಎಂಬ ಸಪ್ಪಳ ಶುರುವಾಯಿತು. ಆದರೂ ನಾಳೆ ಮಾಡ್ತೀನಿ ಎನ್ನಬೇಕಿತ್ತು. ಎನ್ನಲಿಲ್ಲ. ಕಾರಣವಿಲ್ಲದೆ ಒಬ್ಬರಿಗೆ ಫೋನ್ ಮಾಡುವ ರೂಢಿ ನನಗೆ ತಪ್ಪಿಹೋಗಿತ್ತು. ಇಂದು ನಾಳೆ ಎನ್ನುತ್ತ ತಿಂಗಳಾಯಿತು. ನಾಚಿಕೆ ಮೀರಿ ಮನೆಗೇ ಹೋದಾಗ ಬೀಗ. ಅಣ್ಣನ ಮಗಳು ಬಂದು ಔರಾದ ಶಹಾಜನಿ ಊರಿಗೆ ಕರೆದುಕೊಂಡು ಹೋದಳೆಂದು ಪಕ್ಕದವರು ಹೇಳಿದರು.

ಒಂದು ಸಂತೆಯ ದಿನ ಅಲ್ಲಿಗೆ ಹೋದೆ. ಮನೆ ತುಂಬ ಮಂದಿ: ಅಣ್ಣನ ಮಗಳ ಸೊಸೆಯಂದಿರು, ಕೂಸುಗಳು, ಮುಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿಯ ಗದ್ದಲ. ನನ್ನನ್ನು ಕಂಡದ್ದೇ ಅವರು ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು. ಮೈ ಕೈ ತುಂಬಿಕೊಂಡಿದ್ದರು.

"ಇಲ್ಲಿ ಟಿವಿ ಹಚ್ಚೂದ ಬಿಟ್ಟೀನಿ. ಸುಮ್ಮನಿರೂದು ಎಲ್ಲಿ ಸಿಗ್ತದ ಈ ಮನಿಯಾಗ?" ಎಂದು ನಕ್ಕರು. ಸೊಸೆಯೊಬ್ಬಳಿಗೆ, "ಈಕಿ ನನಗ ದಿನಾ ಮೋಡ ಹೇಳಾಕಿ," ಎಂದು ಪರಿಚಯಿಸಿದರು. ಶೇಂಗಾ ಹೋಳಿಗೆ ಕೊಟ್ಟರು. ಹೇಳಬೇಕೆಂದು ತಂದ ಮಾತು ನನ್ನಲ್ಲಿ ಬಹಳಿತ್ತು. ಗಿರಣಿಯ ಸದ್ದಿನಲ್ಲಿ ಎರಡು ಮಾತು ಕೂಗಿ ಹೇಳಿದೆ; ಕೇಳಿಸದಿದ್ದರೂ ಅವರು ತಲೆಯಾಡಿಸಿದರು. ಅವರಿಗೆ ಒಳ್ಳೆಯದಾಗಿದೆ ಎಂದು ನನಗೆ ನಿಜವಾಗಿ ಸಂತೋಷವಾಯಿತು. ಅಷ್ಟೇ ನೋವೂ ಆಯಿತು.

ನಿಲಂಗಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತು, ಎಲ್ಲಿ ಇಳಿಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದಳು. ಹೇಳಿದೆ. ಆಮೇಲೆ ಆಕೆ ಕಣ್ಣು ಮುಚ್ಚಿದಳು, ನಾನು ಹೊರಗೆ ನೋಡುತ್ತ ಕೂತೆ.