ಬೀಬಿಜಾನ್ ಖಾಲಾ ಆರಿಸಿದ ವಕೀಲೆ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಬೀಬಿಜಾನ್ ಖಾಲಾಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳಿನ ಬಾಣಲೆಯ ಮುಂದೆ, ಕಿವಿಗಡಚಿಕ್ಕುವ ಸದ್ದಿನಲ್ಲಿ ಆಯುಷ್ಯವೆಲ್ಲ ಕೂತವರು. ಗುಟ್ಟು ಹೇಳಿದರೂ ಓಣಿಯ ಕೊನೆಗೆ ಕೇಳುತ್ತಿತ್ತು. ಪಕ್ಕದ ಮನೆಯ ನನ್ನನ್ನು ಕರೆಯಲು ಅವರಿಗೆ ಫೋನೇ ಬೇಕಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ಒಬ್ಬರೇ ನಡೆಸಿದರು. ಭಟ್ಟಿಯಿದ್ದ ಬಾಡಿಗೆ ಜಾಗ ಕೊಂಡ ಹೊಸ ಮಾಲೀಕರು ಖಾಲಿ ಮಾಡಿಸಲು ದಾವೆ ಹೂಡಿದರು. ಕೇಸು ಅರ್ಧಕ್ಕೆ ಬಂದಿತ್ತು, ಖಾಲಾ ಸಾಕ್ಷಿ ಹೇಳುವುದು ಇನ್ನೂ ಬಾಕಿ. ಆಗ ಅವರ ವಕೀಲರು ಕರೆಸಿ, ಆ ಮಾಲೀಕರ ಮನೆಗೂ ತಮಗೂ ಬೀಗತನ ಕೂಡಿಬಂದಿದೆ, ಇನ್ನು ಈ ಕೇಸು ನಡೆಸಲಾರೆ ಎಂದುಬಿಟ್ಟರು.

ಓಣಿಯೆಲ್ಲ ಕುದಿಯಿತು. "ಅವ್ರ ಆಫೀಸ್ ಮುಂದೆ ಕುಂತು ಗಲಾಟೆ ಮಾಡ್ರಿ ಖಾಲಾ!"

"ಮನಸಿಲ್ಲದವ್ರನ್ನ ಕಟ್ಟಿ ಹಾಕಿ ಏನ್ ಮಾಡ್ಲಿ? ಹೋಗೋರು ಹೋಗ್ಲಿ. ನನ್ನ ಕಾಗದ ಕೊಟ್ಟು ಹೋಗ್ಲಿ."

ಅಂದೇ ಹೋಗಿ ಫೈಲು ಪೂರ್ತಿ ಪಡೆದರು. ಬೇರೆ ವಕೀಲರನ್ನಿಡಲು ಅಭ್ಯಂತರವಿಲ್ಲವೆಂದು ಸಹಿಯನ್ನೂ ಹಾಕಿಸಿಕೊಂಡರು. ಹೊರಡುವಾಗ, "ಲಗ್ನಕ್ಕೆ ಮಂಡಕ್ಕಿ ನಮ್ಮ ಭಟ್ಟಿದೇ ತಗೋಬೇಕ್ರಿ ಸಾಹೇಬ್ರ" ಎಂದರು.

ಕೋರ್ಟಿನ ವಾಯಿದೆಯ ದಿನ ನಾನೂ ಜೊತೆಗಿದ್ದೆ. ಖಾಲಾ ಹಾಜರಾಗದಿದ್ದರೆ ಅವರ ಮಾತು ಕೇಳದೆಯೇ ತೀರ್ಪಾಗಬಹುದಿತ್ತು, ಭಟ್ಟಿ ಹೋಗಬಹುದಿತ್ತು. ಹೆಸರು ಕೂಗಿದ ಕೂಡಲೇ ಸೆರಗು ತಲೆಯ ಮೇಲೆಳೆದುಕೊಂಡು ಎದ್ದರು.

"ನನ್ನ ವಕೀಲರು ಕೇಸು ಬಿಟ್ಟಾರ್ರಿ. ನಾನು ಬಿಟ್ಟಿಲ್ಲ. ಬ್ಯಾರೆಯವ್ರನ್ನ ಇಟ್ಕೊಳ್ಳಾಕ ಟೈಮ್ ಕೊಡ್ರಿ."

"ಅಮ್ಮಾ, ಮೆಲ್ಲಗೆ," ಎಂದರು ನ್ಯಾಯಾಧೀಶರು.

"ಭಟ್ಟಿ ಮುಂದೆ ಮೆಲ್ಲಗೆ ಮಾತಾಡಿದ್ರೆ ಮಂಡಕ್ಕಿ ಸೀದು ಹೋಗ್ತಾವ್ರಿ. ಅದೇ ರೂಢಿ."

ಎದುರು ವಕೀಲರೂ ನಕ್ಕರು. ಸಮಯ ಸಿಕ್ಕಿತು. ಅವತ್ತಿನಿಂದ "ಖಾಲಾ ನಮ್ಮ ಓಣಿಯವರು" ಎನ್ನುವಾಗ ನನ್ನ ದನಿಯೂ ದೊಡ್ಡದಾಗುತ್ತದೆ.

ಹೊಸ ವಕೀಲರಿಗಾಗಿ ಅವರು ಯಾರ ಶಿಫಾರಸನ್ನೂ ಕೇಳಲಿಲ್ಲ. ಭಟ್ಟಿಯ ಕೆಲಸ ಮುಗಿಸಿ ದಿನವೂ ಕೋರ್ಟಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು ಬೇರೆಯವರ ಕೇಸು ನೋಡಿದರು. ಅಬ್ಬರಿಸಿ ವಾದಿಸುವವರು ಹಿಡಿಸಲಿಲ್ಲ. "ಜೋರು ಮಾಡೋದು ನನಗೇ ಬರ್ತೈತೆ, ಅದಕ್ಕೊಬ್ರು ಯಾಕ?" ಒಂದು ದಿನ ವರಾಂಡದಲ್ಲಿ, ಹರಿಹರದಿಂದ ಬರುತ್ತಿದ್ದ ಶಿವಲೀಲಾ ಎಂಬ ವಕೀಲೆ ತಮ್ಮ ಕಕ್ಷಿದಾರನಿಗೆ, "ಗೊತ್ತಿಲ್ಲ ಅಜ್ಜಾ, ಓದಿ ನಾಳೆ ಹೇಳ್ತೀನಿ" ಎನ್ನುವುದು ಕಿವಿಗೆ ಬಿತ್ತು. ಮರುದಿನ ಖಾಲಾ ನನ್ನನ್ನೂ ಕರೆದುಕೊಂಡು ಹೋಗಿ ಮತ್ತೆ ಅಲ್ಲೇ ಕಾದು ನಿಂತರು. ಶಿವಲೀಲಾ ಬಂದು, ಆ ಅಜ್ಜನನ್ನು ಕೂಡಿಸಿಕೊಂಡು, ಓದಿ ತಿಳಿದದ್ದನ್ನು ಹೇಳಿದರು.

ಖಾಲಾ ನನ್ನ ರಟ್ಟೆ ಹಿಡಿದರು. "ಈಕೀನೇ ನೋಡಪ್ಪ. ಗೊತ್ತಿಲ್ಲ ಅನ್ನಾಕ ಹೆದರ್ಲಿಲ್ಲ, ಹೇಳ್ತೀನಿ ಅಂದಿದ್ದು ಮರೀಲಿಲ್ಲ."

ಶಿವಲೀಲಾ ಫೈಲನ್ನು ಮೊದಲಿನಿಂದ ಓದಿದರು. ಖಾಲಾ ಸಾಕ್ಷಿ ಹೇಳಿದರು, ವಾದ ಮುಗಿಯಿತು, ತೀರ್ಪಿಗೆ ಇಟ್ಟರು. ತೀರ್ಪು ಬರುವ ಮೊದಲೇ ಒಂದು ಬೆಳಗ್ಗೆ ಖಾಲಾ ಹಾಸಿಗೆಯಿಂದ ಏಳಲಿಲ್ಲ; ನಿದ್ದೆಯಲ್ಲೇ ತೀರಿಕೊಂಡಿದ್ದರು.

ತೀರ್ಪಿನ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಅವರ ಹೆಸರನ್ನೇ ಕೂಗಿದ. ಖಾಲಾ ಅವರ ಮಗಳು ಶಬಾನಾ ಎದ್ದು ನಿಂತಳು.

"ಅಮ್ಮಿ ಇಲ್ರಿ. ನಾನು ಬಂದೀನಿ."

ದಾವೆ ವಜಾ ಆಯಿತು, ಭಟ್ಟಿ ಉಳಿಯಿತು. ಶಿವಲೀಲಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಶಬಾನಾ ಮೆಟ್ಟಿಲಿಳಿಯುತ್ತಲೇ ಭಟ್ಟಿಗೆ ಫೋನು ಹಚ್ಚಿದಳು:

"ಉರಿ ಹಾಕ್ರಿ. ಬಂದೆ."