ವಾಳಯಾರಿನ ಧೂಳು

ಕಳೆದ ವಾರ ನಮ್ಮ ಬೀದಿಯ ಕಾಂಪೌಂಡು ಗೋಡೆಗೆ ಯಾರೋ ತೀರಿಕೊಂಡವರ ಕಣ್ಣೀರಂಜಲಿ ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟ್ಟಿನ ತುಂಬ ಕುದಿಸಿದ ಮೈದಾ ಗೋಂದು, ಹುಳ ಬೀಳದಿರಲೆಂದು ಅದಕ್ಕೆ ಹಾಕಿದ ಮೈಲುತುತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ನಡುಬೀದಿಯಲ್ಲಿ ನಿಂತುಬಿಟ್ಟೆ. ಪೋಸ್ಟರಿನಲ್ಲಿದ್ದವರು ಯಾರೋ ನನಗೆ ಗೊತ್ತಿಲ್ಲ. ನೆನಪಾದವರು ಪಕ್ಕದ ಮನೆಯ ನಡುವರ್ ಮಾಮ.

ನಡುವರ್ ಎಂದರೆ ತಮಿಳಿನಲ್ಲಿ ತೀರ್ಪುಗಾರ, ಅಂಪೈರು. ಅವರಿಗೆ ಬೇರೆ ಹೆಸರಿತ್ತು, ನಾವು ಕರೆಯುತ್ತಿದ್ದದ್ದು ಹೀಗೆ. ಕೋಯಮತ್ತೂರಿನ ತುಡಿಯಲೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮೋಟು ಗೋಡೆ ಅಷ್ಟೇ. ನಮ್ಮ ತವರಿನವರ ಹಾಗೆ ಅವರದೂ ಎಷ್ಟೋ ತಲೆಮಾರಿನ ಹಿಂದೆ ಮಗ್ಗದ ಜೊತೆ ಈ ಕಡೆ ಬಂದ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅವರು ಪಲ್ಲಡಂ ಕಡೆಯ ಒಂದು ನೂಲಿನ ಮಿಲ್ಲಿನಲ್ಲಿ ಫಿಟ್ಟರಾಗಿದ್ದು, ಅವಧಿಗೆ ಮುಂಚೆಯೇ ಕೆಲಸ ಬಿಟ್ಟಿದ್ದರು. ಬಿಟ್ಟ ಮೇಲೆ ಅವರು ಮಾಡಿದ್ದು ಒಂದೇ ಕೆಲಸ, ಯುದ್ಧದ ಆಟ ಕಟ್ಟುವುದು.

ಚದುರಂಗ ಅಂದುಕೊಳ್ಳಬೇಡಿ. ಇದರಲ್ಲಿ ಚರಿತ್ರೆಯಲ್ಲಿ ನಿಜವಾಗಿ ನಡೆದ ಒಂದು ಯುದ್ಧವನ್ನು ತೆಗೆದುಕೊಂಡು, ಆ ಊರಿನ ನಕ್ಷೆ ಬರೆದು, ಅದರ ಮೇಲೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳನ್ನು ಎಳೆಯುತ್ತಾರೆ. ರಟ್ಟಿನ ತುಂಡುಗಳೇ ಸೈನ್ಯ. ಮಳೆಗೊಂದು ನಿಯಮ, ಹಸಿವಿಗೊಂದು, ಸುಸ್ತಾದ ಎತ್ತುಗಳಿಗೊಂದು. ನನ್ನ ಗಂಡನಿಗೆ ಈ ಹುಚ್ಚು ಮೊದಲಿನಿಂದ ಇತ್ತು. ಅವರು ದಾವಣಗೆರೆ ಕಡೆಯವರು, ಕುರಿಚಿಯ ಫೌಂಡ್ರಿಯೊಂದರಲ್ಲಿ ಇಂಜಿನಿಯರು. ಒಂದು ದಿನ ತಾರಸಿಯ ಮೇಲೆ ಕೂತು ವಿದೇಶದಿಂದ ತರಿಸಿದ ಆಟದ ರಟ್ಟು ಬಿಡಿಸುತ್ತಿದ್ದಾಗ, ಆ ಕಡೆಯ ತಾರಸಿಯಿಂದ ಮಾಮ ಇಣುಕಿದರು. ಇದೇನು ಎಂದು ಕೇಳಲಿಲ್ಲ. ಯಾವ ಯುದ್ಧ ಎಂದು ಕೇಳಿದರು.

ಅವರ ಆಟದಲ್ಲಿ ಅಂಗಡಿಯ ವಸ್ತು ಒಂದೂ ಇರಲಿಲ್ಲ. ನೂಲು ಸುತ್ತುವ ರಟ್ಟಿನ ಕೋನುಗಳನ್ನು ಸೀಳಿ, ಚಪ್ಪಟೆ ಮಾಡಿ, ಎರಡೆರಡು ಪದರ ಮೈದಾ ಗೋಂದಿನಲ್ಲಿ ಅಂಟಿಸಿ ಸೈನಿಕರನ್ನು ಮಾಡಿದ್ದರು. ಯುದ್ಧವೂ ಈ ಊರಿನದೇ. ಬಹಳ ಹಿಂದೆ ಮೈಸೂರಿನ ಸೈನ್ಯ ಕೋಯಮತ್ತೂರಿನ ಕೋಟೆಯನ್ನು ಮುತ್ತಿತ್ತು. ಒಳಗೆ ಕುಂಪಣಿಯ ಪಡೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಪಾಲಕ್ಕಾಡಿನಿಂದ ಕುಂಪಣಿಯದೇ ಇನ್ನೊಂದು ಪಡೆ ಹೊರಟು, ಕೋಟೆಗೆ ಹತ್ತಿರದ ಮದುಕ್ಕರೆಯ ತನಕ ಬಂತು. ಬಂದು, ಬೆನ್ನ ಹಿಂದಿನ ದಾರಿಯನ್ನು ಮೈಸೂರಿನವರು ಮುಚ್ಚಿಬಿಡುತ್ತಾರೆಂದು ಹೆದರಿ ಅದರ ನಾಯಕ ಹಿಂದಿರುಗಿದ. ಕೋಟೆ ಬಿತ್ತು. ಆ ನಾಯಕ ಹೇಡಿಯೋ, ಅಥವಾ ಆ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರೋ... ಮಾಮ ಹನ್ನೊಂದು ವರ್ಷದಿಂದ ಹಿಡಿದು ಕೂತಿದ್ದ ಪ್ರಶ್ನೆ ಇದೊಂದೇ.

ಯಾಕೆ ಹಿಡಿದು ಕೂತಿದ್ದರೆಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನನಗೆ ಆಗ ಗೊತ್ತಿರಲಿಲ್ಲ. ಅವರ ಮಿಲ್ಲಿನಲ್ಲಿ ವೇಸ್ಟ್ ಹತ್ತಿಯ ಗೋಡೌನಿಗೆ ಒಂದು ಮಧ್ಯಾಹ್ನ ಬೆಂಕಿ ಬಿದ್ದಿತ್ತು. ಅವರ ಜೊತೆಯ ಫಿಟ್ಟರ್ ಒಳಗೆ ಸಿಕ್ಕಿಕೊಂಡ. ಅವನನ್ನು ಕರೆತರಲು ಮಾಮ ಹೊಗೆಯೊಳಗೆ ಹತ್ತು ಹೆಜ್ಜೆ ಹೋದರು. ಆಗ ಬೆನ್ನ ಹಿಂದೆ ಏನೋ ಬಿದ್ದ ಸದ್ದಾಯಿತು. ಬಾಗಿಲು ಮುಚ್ಚಿಕೊಂಡಿತು ಅಂದುಕೊಂಡು ತಿರುಗಿ ಓಡಿಬಂದರು. ಬಾಗಿಲು ತೆರೆದೇ ಇತ್ತು. ಮತ್ತೆ ಒಳಗೆ ಹೋಗಲಾಗದಷ್ಟು ಹೊಗೆ ತುಂಬಿತ್ತು, ಆ ಸ್ನೇಹಿತ ಹೊರಗೆ ಬರಲಿಲ್ಲ. ಯಾರೂ ಇವರನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತೇನೋ. ಇವರು ತಮಗೆ ತಾವೇ ಅಂದುಕೊಳ್ಳುತ್ತ ಉಳಿದರು.

ಹಾಗಾಗಿ ಆ ಆಟ. ಅದರಲ್ಲಿ ಒಬ್ಬರಿಗೆ ಇನ್ನೊಬ್ಬರ ಸೈನ್ಯ ಕಾಣುತ್ತಿರಲಿಲ್ಲ. ನನ್ನ ನಕ್ಷೆ ಮಾಮನ ಮನೆಯ ಹಜಾರದಲ್ಲಿ, ನನ್ನ ಗಂಡನದು ಹಿತ್ತಿಲ ಜಗಲಿಯಲ್ಲಿ. ನಡುವಿನ ಕೋಣೆಯಲ್ಲಿ, ಹಳೆ ಸೀರೆಯ ಪರದೆಯ ಹಿಂದೆ, ಮಾಮನ ನಕ್ಷೆ. ಎರಡೂ ಕಡೆಯ ನಿಜ ಅದರಲ್ಲಿ ಮಾತ್ರ ಇತ್ತು. ನಾವು ಚೀಟಿಯಲ್ಲಿ ಆಜ್ಞೆ ಬರೆಯಬೇಕು, ಅದರ ಕೆಳಗೆ ಯಾಕೆ ಎಂದು ಕಾರಣವನ್ನೂ ಬರೆಯಬೇಕು. ನಾನು ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೆ, ಮಾಮನಿಗೂ ಓದಲು ಅದೇ ಬರುತ್ತಿತ್ತು. ಈಗ ಬರೆಯುತ್ತಿರುವ ಈ ಅಕ್ಷರವನ್ನು ನನ್ನ ಗಂಡ ಕಲಿಸಿದ್ದು ಆಮೇಲೆ. ನಮಗಿಂತ ಮುಂಚೆ ಎರಡು ಜೋಡಿ ನೆಂಟರನ್ನು ಕೂರಿಸಿ ಮಾಮ ಈ ಆಟ ಆಡಿಸಿದ್ದರು. ಎರಡು ಸಲವೂ ಪಾಲಕ್ಕಾಡಿನ ಪಡೆ ಮದುಕ್ಕರೆಯಿಂದ ಹಿಂದಿರುಗಿತ್ತು. ಮೂರನೆಯ ಸಲವೂ ಹಿಂದಿರುಗಿದರೆ ಇನ್ನು ಆಟ ಕಟ್ಟುವುದು ಸಾಕು, ನನ್ನ ಲೆಕ್ಕ ಮುಗಿಯಿತು ಎಂದು ಹೆಂಡತಿಯ ಹತ್ತಿರ ಹೇಳಿದ್ದರಂತೆ.

ಚೀಟಿ ಎತ್ತಿದಾಗ ನನಗೆ ಪಾಲಕ್ಕಾಡಿನ ಪಡೆ ಬಂತು. ನನ್ನ ಗಂಡನಿಗೆ ಮೈಸೂರು. ಅವರ ಮುಖ ಊರಗಲವಾಯಿತು.

ಆರು ಭಾನುವಾರ ಆಡಿದೆವು. ಮನೆಯಲ್ಲಿ ಆಟದ ಮಾತಿಗೆ ನಿಷೇಧ. ಹುಳಿ ಬಡಿಸುವಾಗಲೂ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡುತ್ತಿದ್ದೆವು. ಅಲ್ಲಿಯ ತನಕ ಯಾವ ಆಟದಲ್ಲೂ ನಾನು ನನ್ನ ಗಂಡನನ್ನು ಸೋಲಿಸಿರಲಿಲ್ಲ. ಪ್ರತಿ ಸಲ ಗೆದ್ದಾಗಲೂ ಅವರು ನಾನು ಎಲ್ಲಿ ತಪ್ಪಿದೆ ಎಂದು ಸಮಾಧಾನದಿಂದ ವಿವರಿಸುತ್ತಿದ್ದರು. ಗಂಡಸರು ವಿವರಿಸುವಾಗ ಬರುವ ಸಿಟ್ಟು ಸೋತಾಗಲೂ ಬರುವುದಿಲ್ಲ.

ಆರನೆಯ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಪಡೆ ಮದುಕ್ಕರೆಯಲ್ಲಿತ್ತು. ಕೋಟೆಯೊಳಗೆ ಎರಡು ದಿನದ ಅಕ್ಕಿ ಉಳಿದಿತ್ತು. ಮಾಮ ಬಂದು ನನ್ನ ಬೆನ್ನ ಹಿಂದೆ, ಪಾಲಕ್ಕಾಡಿನ ದಾರಿಯ ಮನೆಯ ಮೇಲೆ ಒಂದು ಖಾಲಿ ರಟ್ಟು ಇಟ್ಟರು.

“ವಾಳಯಾರ್ ಕಡೆ ಧೂಳು ಎದ್ದದೆ,” ಅಂದರು. “ಹದಿನೈದು ನಿಮಿಷ ಟೈಮು. ಯೋಚನೆ ಮಾಡಿ ಬರಿ ಕಣ್ಣು.” ಕಣ್ಣು ಎಂದರೆ ಈ ಕಡೆ ಮುದ್ದಿನ ಕರೆ, ಮಗಳೇ ಎಂದ ಹಾಗೆ.

ಅಷ್ಟೇ. ಧೂಳೆಂದರೆ ಕುದುರೆ ಸೈನ್ಯವೂ ಇರಬಹುದು, ದನದ ಮಂದೆಯೂ ಇರಬಹುದು. ಕುದುರೆಯಾದರೆ ಮುಂದೆ ಹೋದ ನನ್ನ ಪಡೆ ಪೂರ್ತಿ ಮಣ್ಣುಪಾಲು. ದನವಾಗಿದ್ದೂ ನಾನು ಹಿಂದಿರುಗಿದರೆ ಕೋಟೆ ಸುಮ್ಮನೆ ಹೋಗುತ್ತದೆ. ಹಿತ್ತಿಲಿಂದ ನನ್ನ ಗಂಡ ಗುನುಗುವುದು ಕೇಳುತ್ತಿತ್ತು, ಗೆಲ್ಲುವವರು ಗುನುಗುವ ಹಾಗೆ. ಹಿಂದಿರುಗುವುದೆಂದು ಪೆನ್ನು ತೆಗೆದೆ. ಇದು ಸತ್ಯ. ಹಿಂದಿರುಗುವುದೆಂದೇ ತೆಗೆದದ್ದು.

ಆಗ ಗ್ಯಾಸ್ ಸಿಲಿಂಡರಿನವನು ಬಂದ. ಮಾಮ ಬಾಗಿಲಿಗೆ ಹೋದರು.

ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದವಳು. ಲೈಸೆನ್ಸಿಗಾಗಿ ಚಾರ್ಟಿನ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಬಂದು, ಕಾಣುವವರ ಹಾಗೆ ಓದುವವರನ್ನು ದಿನಾ ಹಿಡಿದು ಬೈಯುತ್ತೇನೆ. ಅಂಥ ನಾನು ಎದ್ದು, ಐದು ಹೆಜ್ಜೆ ಹೋಗಿ, ಪರದೆ ಸರಿಸಿ ನೋಡಿದೆ. ವಾಳಯಾರಿನ ಮನೆಯಲ್ಲಿ ಎರಡು ದುಂಡು ರಟ್ಟು, ಅದರ ಮೇಲೆ ತಮಿಳಿನಲ್ಲಿ ದನ ಎಂದು ಬರೆದಿತ್ತು. ನನ್ನ ಗಂಡನ ಕುದುರೆಗಳೆಲ್ಲ ಕೋಟೆಯ ಆಚೆ ಮಗ್ಗುಲಲ್ಲಿ, ನನ್ನಿಂದ ಬಲು ದೂರ. ಬಂದು ಕೂತೆ. ಇಷ್ಟಕ್ಕೂ ಅರ್ಧ ನಿಮಿಷ ಹಿಡಿಯಲಿಲ್ಲ.

ಮುಂದೆ ಹೋಗು ಎಂದು ಬರೆಯುವುದು ಸುಲಭವಿತ್ತು. ಕಷ್ಟವಾದದ್ದು ಕಾರಣ. ಸುಳ್ಳಿಗೆ ಒಡವೆ ಜಾಸ್ತಿ ಬೇಕಾಗುತ್ತದೆ ನೋಡಿ. “ಧೂಳಿಗೆ ಹೆದರಿ ಹಿಂದಿರುಗಿದವನು ಆಮೇಲೆ ಕನ್ನಡಿ ನೋಡಿಕೊಳ್ಳಬಾರದು,” ಎಂದು ಬರೆದೆ. ಬರೆದು ನನಗೇ ಖುಷಿಯಾಯಿತು.

ಮಾಮ ಕೈ ಒರೆಸಿಕೊಂಡು ಬಂದು ಚೀಟಿ ಓದಿದರು. ಮತ್ತೊಮ್ಮೆ ಓದಿದರು. ಮುಖದ ಬಣ್ಣ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಸಿಕ್ಕಿಬಿದ್ದೆನೆಂದೇ ನಾನು ತಿಳಿದೆ. ಪರದೆ ಸರಿಯಾಗಿ ಬಿಟ್ಟಿದ್ದೇನೋ ಇಲ್ಲವೋ ಎಂದು ಆ ಕಡೆ ನೋಡದಿರಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

“ನಿಜಮಾ ನಿನಗೆ ಹಿಂಗೇ ಅನಿಸ್ತಾ?” ಎಂದು ಕೇಳಿದರು. ದನಿ ಬಹಳ ಮೆತ್ತಗಿತ್ತು.

“ಹೂಂ ಮಾಮ,” ಅಂದೆ.

ಇದಾದ ಮೇಲೆ ಎಲ್ಲ ಬೇಗ ಮುಗಿಯಿತು. ನನ್ನ ಪಡೆ ಕೋಟೆ ತಲುಪಿತು, ಮುತ್ತಿಗೆ ಮುರಿಯಿತು. ಮಾಮ ಪರದೆ ತೆಗೆದು ನಮ್ಮಿಬ್ಬರನ್ನೂ ಒಳಗೆ ಕರೆದರು. ನನ್ನ ಗಂಡ ನಕ್ಷೆ ನೋಡಿ ತಲೆ ಚಚ್ಚಿಕೊಂಡು ನಕ್ಕರು. “ಬರೀ ದನ ಕಣೇ ಅವು! ಓಡಿಹೋಗ್ತೀಯ ಅಂತ ಬಿಟ್ಟಿದ್ದೆ. ನಿನ್ನ ಗುಂಡಿಗೆಗೆ ಏನನ್ನಬೇಕೋ!” ಮಾಮ ನನ್ನ ಕೈ ಹಿಡಿದು ಕುಲುಕಿದರು. ಅವರ ಬೆರಳು ತಣ್ಣಗಿತ್ತು.

ಅಡುಗೆಮನೆಯಲ್ಲಿ ಅವರ ಹೆಂಡತಿ ಬೋಂಡ ಕರಿಯುತ್ತಿದ್ದರು. ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ. ಗೆದ್ದ ಸುದ್ದಿ ಹೇಳಲು ಹೋದರೆ ಅವರು ಒಲೆ ಆರಿಸಿ ಗೋಡೆಗೆ ಒರಗಿ ನಿಂತರು.

“ಯಾಕ್ ಕಣ್ಣು ಮುಂದಕ್ ಹೋದೆ?” ಎಂದರು. “ಇನ್ನೊಂದೇ ಒಂದ್ ಸಲ ತಿರುಗಿದ್ರೆ ಸಾಕಿತ್ತು. ಪಾವಂ, ಅವರು ಎಷ್ಟು ಆಸೆ ಇಟ್ಕಂಡಿದ್ರು.”

ಗೋಡೌನಿನ ಕಥೆ ನಾನು ಕೇಳಿದ್ದು ಆಗ, ಆ ಒಲೆಯ ಪಕ್ಕದಲ್ಲಿ. ಕನ್ನಡಿಯ ಮಾತು ನೆನಪಾಯಿತು. ನಾನು ಯಾರಿಗೆ ಏನು ಬರೆದುಕೊಟ್ಟೆ! ಒಬ್ಬ ಮನುಷ್ಯ ಹನ್ನೊಂದು ವರ್ಷ ಕಾದು ತನ್ನ ಮೇಲೆ ಒಂದು ತೀರ್ಪು ಕೇಳಿದ್ದ. ಗಂಡನ ವಿವರಣೆ ತಪ್ಪಿಸಿಕೊಳ್ಳುವ ಚಪಲಕ್ಕೆ ನಾನು ಕದ್ದು ನೋಡಿ ಆ ತೀರ್ಪು ಕೊಟ್ಟಿದ್ದೆ.

ಓಡಿ ಕೋಣೆಗೆ ಹೋದೆ. ಮಾಮ ರಟ್ಟುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. “ಮಾಮ, ನಾನು ಪರದೆ ಸರಿಸಿ ನೋಡಿಬಿಟ್ಟಿದ್ದೆ. ದನ ಅಂತ ಗೊತ್ತಿದ್ದೇ ಮುಂದೆ ಹೋದೆ. ಗೊತ್ತಿಲ್ಲದಿದ್ದರೆ ತಿರುಗ್ತಿದ್ದೆ,” ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಅಡುಗೆಮನೆಯ ಕಡೆ ನೋಡಿದರು.

“ಅವಳು ಹೇಳಿಬಿಟ್ಟಳಾ?”

“ಹೇಳಿದರು. ಆದರೆ ಇದು ನಿಜ ಮಾಮ.”

“ಒಳ್ಳೆ ಹುಡುಗಿ ನೀನು,” ಅಂದರು. “ನನಗೋಸ್ಕರ ಪೊಯ್ ಹೇಳಬೇಡ, ಸುಳ್ಳು ಬೇಡ.”

ದೇವರ ಮೇಲೆ ಆಣೆ ಇಟ್ಟೆ. ಎರಡು ದುಂಡು ರಟ್ಟು, ಇಂಥ ಮೂಲೆಯಲ್ಲಿ ಇದ್ದವು ಎಂದು ಬೆರಳಿಟ್ಟು ತೋರಿಸಿದೆ. ಅದನ್ನು ಆಗಲೇ ಎಲ್ಲರೂ ನೋಡಿಯಾಗಿತ್ತು. ಅರ್ಧ ಗಂಟೆಯ ಹಿಂದೆ, ಪರದೆ ತೆಗೆಯುವ ಮುಂಚೆ ಹೇಳಿದ್ದರೆ ಅದೇ ಸಾಕ್ಷಿಯಾಗುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನನ್ನ ಗಂಡನ ಕಡೆ ತಿರುಗಿ, ನೀವಾದರೂ ಹೇಳಿ, ನಾನು ಇಂಥವಳೇ ಎಂದು ಗೊತ್ತಲ್ಲ ಎಂದೆ. ಅವರು ನನ್ನನ್ನು ಎಂದೂ ನೋಡದಷ್ಟು ಪ್ರೀತಿಯಿಂದ ನೋಡುತ್ತಿದ್ದರು. ಅವರೂ ನಂಬಲಿಲ್ಲ.

“ಚೀಟೀಲಿ ಬರೆದದ್ದೇ ಆಜ್ಞೆ,” ಎಂದು ಮಾಮ ಡಬ್ಬಿ ಮುಚ್ಚಿದರು. “ಆಮೇಲೆ ಬಾಯಲ್ಲಿ ಹೇಳಿದ್ದು ಆಟದಲ್ಲಿ ಸೇರಲ್ಲ.”

ಆಮೇಲೆ ಅವರು ಹೊಸ ಆಟ ಕಟ್ಟಲಿಲ್ಲ. ನಕ್ಷೆಗಳು ಅಟ್ಟ ಸೇರಿದವು. ಮಾತು ಬಿಡಲಿಲ್ಲ, ಮೊದಲಿಗಿಂತ ಹೆಚ್ಚೇ ಮಾತನಾಡಿಸುತ್ತಿದ್ದರು. ಆದರೆ ನೀನು ಹೋಗಿ ನೀವು ಆಗಿತ್ತು. ಮಗಳ ವಯಸ್ಸಿನ ನನ್ನನ್ನು ಕಂಡರೆ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಆ ಮರ್ಯಾದೆ ನನ್ನನ್ನು ಸುಡುತ್ತಿತ್ತು. ಇನ್ನೂ ಎರಡು ಸಲ ಹೇಳಲು ಹೋದೆ. ಎರಡು ಸಲವೂ ನಕ್ಕು ಕೈ ಅಡ್ಡ ಹಿಡಿದರು. ಮೂರನೆಯ ಸಲ ಹೋಗಲಿಲ್ಲ. ಮುಚ್ಚಿಡುವುದೇನು, ಒಬ್ಬರ ಕಣ್ಣಿನಲ್ಲಾದರೂ ಧೈರ್ಯವಂತೆಯಾಗಿರುವುದು ಒಳಗೊಳಗೇ ಹಿತವಾಗಿಯೂ ಇತ್ತು... ಇದಕ್ಕಾಗಿ ನಾಚುತ್ತೇನೆ. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯ ತನಕ ಉಳಿಯಲಿಲ್ಲ.

ಪೋಸ್ಟರಿನ ಮುಂದೆ ನಿಂತಿದ್ದವಳು ಆ ದಿನ ನನ್ನ ಮನೆಗೆ ಹೋಗದೆ ನೇರ ಅತ್ತೆಯ ಮನೆಗೆ ಹೋದೆ. ಇವತ್ತು ಅತ್ತೆಗಾದರೂ ನಂಬುವಂತೆ ಹೇಳಿಬಿಡಬೇಕು ಎಂಬ ಹಟ ಹುಟ್ಟಿತ್ತು. ಒಳಗೆ ಯಾರೋ ಹೆಂಗಸು ಕೂತಿದ್ದರು. ಪಲ್ಲಡದಿಂದ ಬಂದವರು, ನನಗಿಂತ ಹಿರಿಯರು. ಅತ್ತೆ ನನ್ನ ಕೈ ಹಿಡಿದು ಅವರ ಪಕ್ಕದಲ್ಲಿ ಕೂರಿಸಿದರು. ಮಿಲ್ಲಿನಲ್ಲಿ ತೀರಿಕೊಂಡ ಆ ಫಿಟ್ಟರಿನ ಹೆಂಡತಿ ಅವರು ಎಂದು ತಿಳಿಯುವ ಹೊತ್ತಿಗೆ ಅತ್ತೆ ಶುರು ಮಾಡಿಯಾಗಿತ್ತು.

“ನಾನು ಹೇಳ್ತಿದ್ದೆನಲ್ಲಾ, ಆ ಹುಡುಗಿ ಇವಳೇ. ನಮ್ಮನೆಯವರು, ಅವತ್ತು ನನ್ ಜಾಗದಲ್ಲಿ ಇವಳು ಇದ್ದಿದ್ರೆ ಅವನು ಸಾಯಂಕಾಲ ಮನೆಗ್ ಹೋಗ್ತಿದ್ದ ಅಂತ, ಕೊನೇ ತನಕ ಹೇಳ್ತಾನೇ ಇದ್ರು.”

ಆ ಹೆಂಗಸು ನನ್ನ ಎರಡೂ ಕೈ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಹೇಳಲೆಂದು ಬಂದದ್ದನ್ನು ಹೇಳದೆಯೇ ಎದ್ದುಬಂದೆ. ನಾನಾಗಿದ್ದರೆ ಆ ಗೋಡೌನಿನ ಬಾಗಿಲ ತನಕವೂ ಹೋಗುತ್ತಿರಲಿಲ್ಲ. ಅದನ್ನು ನಂಬಬೇಕಾಗಿದ್ದ ಒಬ್ಬರು ಈಗ ಇಲ್ಲ.