ಅವ್ವ ಸಾರಿಸಿದ ಮೊರ

ಮನೆಬಳಕೆಯ ವಸ್ತುಗಳನ್ನೇ ಇಟ್ಟು ಏನಾದರೂ ಮಾಡಿಕೊಡಿ ಎಂದು ಮೈಸೂರಿನ ಒಂದು ಕಲಾ ಪ್ರದರ್ಶನದವರು ಕೇಳಿದಾಗ ನನಗೆ ಯೋಚಿಸುವ ಕೆಲಸವೇ ಇರಲಿಲ್ಲ. ನಾನು ಹುಣಸೂರಿನಲ್ಲಿ ಶಾಲೆಯ ಮಕ್ಕಳಿಗೆ ಚಿತ್ರ ಕಲಿಸುವವಳು. ಸಾಲಿಗ್ರಾಮದ ಹತ್ತಿರದ ನನ್ನ ತವರಿನಲ್ಲಿ, ಅಡುಗೆಮನೆ ಗೋಡೆಯ ಮೊಳೆಗೆ ಅವ್ವನ ಬಿದಿರು ಮೊರ ನೇತಾಡುತ್ತಿತ್ತು. ಅದೊಂದನ್ನೇ ಬಿಳಿ ಗೋಡೆಯ ಮೇಲೆ ಬೋರಲಾಗಿ ತೂಗುಹಾಕುವುದು, ಇನ್ನೇನೂ ಬೇಡ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಬೋರಲು ಏಕೆಂದರೆ, ಇರುವುದೆಲ್ಲ ಅದರ ಬೆನ್ನಿನಲ್ಲಿ. ಸಂದು ಮುಚ್ಚಲಿ ಅಂತ ಮೊರಕ್ಕೆ ಮೆಂತ್ಯ ಅರೆದು ಸಗಣಿಯಲ್ಲಿ ಕಲಸಿ ಸಾರಿಸುತ್ತಾರಲ್ಲ, ಅವ್ವ ಸಾರಿಸಿದ್ದಾದರೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಹುಲ್ಲು ಕೊಯ್ಯುವಾಗ ಪಕ್ಕದವರ ಕುಡುಗೋಲು ತಗುಲಿ ಅವಳ ಬಲಗೈ ಉಂಗುರದ ಬೆರಳು ಅರ್ಧ ಹೋಗಿತ್ತು. ಒಣಗಿದ ಸಗಣಿಯಲ್ಲಿ ಮೂರು ಗೆರೆ ಉದ್ದಕ್ಕೆ ಬಾಗಿ ಹೋಗುತ್ತಿದ್ದವು, ಒಂದು ಮಾತ್ರ ಅಲ್ಲಲ್ಲಿ ತಾಗಿ ಅಲ್ಲಲ್ಲಿ ಬಿಟ್ಟುಹೋಗುತ್ತಿತ್ತು. ಅವ್ವ ಹೋಗಿ ಎರಡು ವರ್ಷವಾಗಿತ್ತು. ಉಳಿದ ಫೋಟೊ ಎಂದರೆ ಆಧಾರ್ ಕಾರ್ಡಿನದು; ಅದರಲ್ಲಿ ಯಾರೋ ಬೈದು ಕೂರಿಸಿದ ಹಾಗಿದ್ದಾಳೆ. ಅವ್ವ ಅಂತ ನನಗೆ ಉಳಿದಿದ್ದದ್ದು ಆ ಗೆರೆಗಳೇ.

ಅಣ್ಣನ ಹೆಂಡತಿಗೆ ಫೋನು ಮಾಡಿದೆ. ಭಾನುವಾರ ಬರುತ್ತೇನೆ ಅತ್ತಿಗೆ, ಆ ಮೊರ ಇಳಿಸಿಟ್ಟಿರಿ, ಮೈಸೂರಿಗೆ ಒಯ್ಯಬೇಕು, ದೊಡ್ಡ ದೊಡ್ಡವರೆಲ್ಲ ನೋಡುತ್ತಾರೆ ಎಂದೆ. ಒಳ್ಳೆ ಬೆಳಕಿನಲ್ಲಿ ಫೋಟೊ ತೆಗೆದರಾಯಿತು ಎಂದುಕೊಂಡು, ಅಲ್ಲಿಯವರೆಗೆ ಒಂದು ಸಲವೂ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿರಲಿಲ್ಲ.

ಭಾನುವಾರ ಹೋದಾಗ ಮೊರ ಜಗಲಿಯ ಮೇಲೆ ಬಿಸಿಲು ಕಾಯುತ್ತಿತ್ತು. ಹಸಿ ಸಗಣಿಯ ವಾಸನೆ ಬೀದಿಗೇ ಬಂತು. ಬೆನ್ನು ನುಣ್ಣಗೆ, ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಬೇರೆ. ಅವ್ವನ ಗೆರೆ ಒಂದೂ ಕಾಣಲಿಲ್ಲ.

“ಹಳೇ ಮೊರಾನ ಅಂಗೇ ಆಚೆ ಕಳ್ಸಕಾಯ್ತದಾ ಕಣವ್ವ? ನೋಡ್ದೋರು ಏನಂದ್ಕೊಂಡಾರು?” ಅಂದರು ಅತ್ತಿಗೆ, ಖುಷಿಯಾಗಿ.

ಬಂದ ಸಿಟ್ಟಿಗೆ ಏನೇನೋ ಅಂದುಬಿಡುತ್ತಿದ್ದೆ. ಆದರೆ ಏನು ಅನ್ನುವುದು? ನಮ್ಮ ಮನೆಯಲ್ಲಿ ಮೊರ ಹೊಸ್ತಿಲು ದಾಟಬೇಕಾದರೆ, ಬಾಗಿನಕ್ಕಾಗಲಿ ಪಕ್ಕದ ಮನೆಗಾಗಲಿ, ಸಾರಿಸದೆ ಕೊಟ್ಟದ್ದುಂಟೇ? ಅವ್ವ ಬದುಕಿದ್ದರೆ ತಾನೇ ಸಾರಿಸುತ್ತಿದ್ದಳು. ಅದು ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ಅವ್ವನ ಬೆರಳಿನ ಗೆರೆ ಇತ್ತಲ್ಲ ಅತ್ತಿಗೆ, ಅದಕ್ಕೇ ಬೇಕಾಗಿತ್ತು ಎಂದಷ್ಟೇ ಹೇಳಿದೆ. ಅವರ ಮುಖ ಇಳಿದುಹೋಯಿತು.

ಮೇಲಿನ ಪದರ ಇನ್ನೂ ಪೂರ್ತಿ ಒಣಗಿರಲಿಲ್ಲ. ಅದೊಂದೇ ಆಸೆ. ಒದ್ದೆ ಬಟ್ಟೆ ಒತ್ತಿದೆ, ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಅತ್ತಿಗೆ ಪಕ್ಕದಲ್ಲಿ ಕೂತು ತೊಟ್ಟು ತೊಟ್ಟಾಗಿ ನೀರು ಬಿಟ್ಟರು. ಒಂದು ಕಡೆ ಹಳೆಯ ಗೆರೆ ಕಂಡ ಹಾಗಾಯಿತು. ಹೋದ ಜೀವ ಬಂದಂತಾಗಿ ಇನ್ನೊಂದಿಷ್ಟು ಕೆರೆದೆ. ಹೊಸದಕ್ಕೆ ಅಂಟಿಕೊಂಡು ಹಳೆಯದೂ ಎದ್ದು ಬಂತು. ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಇನ್ನೊಂದು ಕಡೆ ಸಿಕ್ಕೀತು, ಮತ್ತೊಂದು ಕಡೆ ಸಿಕ್ಕೀತು ಎಂದು ಕೆರೆಯುತ್ತಲೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಬರೀ ಬಿದಿರು ಉಳಿಯಿತು. ಜಗಲಿಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಅವ್ವ ಸತ್ತ ದಿನವೂ ಹಾಗೆ ಅತ್ತವಳಲ್ಲ.

ಅತ್ತಿಗೆಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಉಳಿದಿದ್ದ ಮೆಂತ್ಯ, ಸಗಣಿ ಕಲಸಿ ತಂದರು. ಉಂಗುರದ ಬೆರಳನ್ನು ಅರ್ಧಕ್ಕೆ ಮಡಚಿಕೊಂಡರು.

“ಅತ್ತೆ ಜೊತೆ ಕುಂತು ಎಷ್ಟು ದಪ ಸಾರ್ಸಿಲ್ಲ ನಾನು. ಅಳಬ್ಯಾಡ ಕಣವ್ವ. ಅವರಂಗೇ ಮಾಡ್ತೀನಿ, ನೋಡು.”

ಬೇಡ ಎನ್ನಲು ನನ್ನಲ್ಲಿ ತ್ರಾಣವಿರಲಿಲ್ಲ. ಭುಜವನ್ನು ಅವ್ವನ ಹಾಗೇ ಕೊಂಚ ಎತ್ತಿ, ಅಂಚಿನ ಹತ್ತಿರ ಅವ್ವನ ಹಾಗೇ ಮಣಿಕಟ್ಟು ತಿರುಗಿಸಿ ಎಳೆದರು. ಅದೇ ಬಂತು. ಮೂರು ಉದ್ದ, ಒಂದು ಬಿಟ್ಟುಬಿಟ್ಟು. ಕೂದಲೆಳೆಯಷ್ಟೂ ವ್ಯತ್ಯಾಸ ನನಗೆ ಕಾಣಲಿಲ್ಲ.

ಮೊರ ಮೈಸೂರಿಗೆ ಹೋಗಲಿಲ್ಲ. ತವರಿನ ಗೋಡೆಯ ಮೇಲೇ ಇದೆ. ಅತ್ತಿಗೆಯನ್ನು ನೋಯಿಸಲಾರೆ, ಹೋದಾಗಲೆಲ್ಲ ಚೆನ್ನಾಗಿದೆ ಅನ್ನುತ್ತೇನೆ. ಆದರೆ ಈಗ ಕಣ್ಣು ಮುಚ್ಚಿ ಅವ್ವನ ಗೆರೆಯನ್ನು ನೆನೆಯಲು ಹೋದರೆ ಬರುವುದು ಅತ್ತಿಗೆಯ ಬೆರಳು. ಅವ್ವನದು ಹೇಗಿತ್ತೋ, ದೇವರಾಣೆ, ನನಗೆ ನೆನಪಾಗುತ್ತಿಲ್ಲ.